ಕೊನೆಯ ಸಾಲು ಎರಡು ಸಲ

ಕಣ್ಣಾಸ್ಪತ್ರೆಯಲ್ಲಿ ಇಪ್ಪತ್ತಮೂರು ವರ್ಷ ರೋಗಿಗಳ ಹೆಸರು ಕೂಗಿದವನನ್ನು ಎಲ್ಲರೂ ಮೈಕಣ್ಣ ಅನ್ನುತ್ತಿದ್ದರು. ಅಪ್ಪ ಅಮ್ಮ ಇಟ್ಟ ಹೆಸರು ಸಂಬಳದ ಹಾಳೆಯಲ್ಲಿ ಮಾತ್ರ ಇತ್ತು. ಅವನ ಕೈಗೆ ಯಾರೂ ಮೈಕು ಕೊಟ್ಟಿರಲಿಲ್ಲ, ಬೇಕಾಗಿಯೂ ಇರಲಿಲ್ಲ. ಅವನು ಒಂದು ಸಲ ಕೂಗಿದರೆ ಹಜಾರದ ಆ ತುದಿಯಲ್ಲಿ ತೂಕಡಿಸುತ್ತಿದ್ದವರು ಬೆಚ್ಚಿ ಏಳುತ್ತಿದ್ದರು. ಗೇಟಿನ ಆಚೆ ಟೀ ಕುಡಿಯುತ್ತಿದ್ದವರು ಲೋಟವನ್ನು ಅಲ್ಲೇ ಇಟ್ಟು ಓಡಿ ಬರುತ್ತಿದ್ದರು. "ಮೈಕಣ್ಣ, ಸ್ವಲ್ಪ ಮೆಲ್ಲಗೆ ಕೂಗಪ್ಪ, ನಾವು ಕಣ್ಣು ತೋರಿಸೋಕೆ ಬಂದಿದ್ದೀವಿ, ಕಿವಿಗೆ ಬೇರೆ ಆಸ್ಪತ್ರೆ ಹುಡುಕಬೇಕಾಗುತ್ತೆ" ಎಂದು ಟೀ ಅಂಗಡಿಯವನು ಗೇಲಿ ಮಾಡುತ್ತಿದ್ದ.

ನಾಲ್ಕನೇ ಕೋಣೆಯ ಬಾಗಿಲ ಪಕ್ಕ ಒಂದು ಸ್ಟೂಲು. ಅದೇ ಅವನ ಜಾಗ. ಎದುರಿಗೆ ಎಂಟು ಸಾಲು ಬೆಂಚುಗಳು. ಕೂತವರ ಪೈಕಿ ಯಾರು ಹೊಸಬರು, ಯಾರು ಹಳಬರು, ಯಾರಿಗೆ ಯಾವ ಕಣ್ಣಿಗೆ ಆಪರೇಷನ್ ಆಗಿದೆ, ಯಾರ ಮಗಳು ಜೊತೆಗೆ ಬರುತ್ತಾಳೆ, ಯಾರು ಒಂಟಿ ಎನ್ನುವುದೆಲ್ಲ ಅವನಿಗೆ ಬಾಯಿಪಾಠ. ಅವನು ಹೆಚ್ಚು ಮಾತಾಡುವವನಲ್ಲ. ಹೆಸರು ಕೂಗುವುದು, ಕೈ ಹಿಡಿದು ಒಳಗೆ ಬಿಡುವುದು, ಮತ್ತೆ ಬಂದು ಕೂರುವುದು. ಮನೆಯಲ್ಲೂ ಹಾಗೇ. "ಇರೋ ದನಿನೆಲ್ಲ ಆಸ್ಪತ್ರೆಗೇ ಕೊಟ್ಟು ಬರ್ತಾರೆ, ನಮಗೆ ಹೂಂ, ಊಹೂಂ ಎರಡೇ" ಎಂದು ಹೆಂಡತಿ ನಗುತ್ತಿದ್ದಳು.

ಆ ದನಿ ಹೋದ ವರ್ಷ ಕೆಟ್ಟಿತು. ಮೊದಲು ಒರಟಾಯಿತು, ಆಮೇಲೆ ಗಾಳಿ ಬೆರೆಯಿತು, ಕೊನೆಗೆ ಹತ್ತನೇ ಹೆಸರಿಗೆಲ್ಲ ಗಂಟಲು ಕಟ್ಟಿ ಕೆಮ್ಮು ಬರತೊಡಗಿತು. ಗಂಟಲಿನ ಡಾಕ್ಟರು ಸಣ್ಣ ಕನ್ನಡಿ ಇಳಿಬಿಟ್ಟು ನೋಡಿದರು. ಒಳಗೆ ಗಂಟು ಕಟ್ಟಿದೆ ಅಂದರು. "ಮಾತಾಡಿ, ಪರವಾಗಿಲ್ಲ. ಆದ್ರೆ ಕೂಗಬೇಡಿ. ಕೂಗಿದ್ರೆ ಇರೋ ಮಾತೂ ಹೋಗುತ್ತೆ."

ಆಸ್ಪತ್ರೆಯ ಕಚೇರಿ ನೋಡಿಕೊಳ್ಳುವ ಮೇಡಂ ಕೆಟ್ಟವರಲ್ಲ. ಆದರೆ ಅವರಿಗೆ ಸುತ್ತಿ ಬಳಸಿ ಮಾತಾಡಿ ಗೊತ್ತಿಲ್ಲ. ಅವನನ್ನು ಕರೆಸಿ ಅಂದರು, "ಕೂಗೋಕಾಗದವನು ಕೂಗೋ ಜಾಗದಲ್ಲಿ ಕೂತು ಏನು ಮಾಡ್ತೀಯ? ಮುಂದಿನ ತಿಂಗಳಿಂದ ಕೆಳಗೆ ಬಟ್ಟೆ ಕೋಣೆಗೆ ಹೋಗು. ಅದೇ ಸಂಬಳ. ಯಾರ ಕಾಟಾನೂ ಇಲ್ಲ."

ಯಾರ ಕಾಟವೂ ಇಲ್ಲ ಎನ್ನುವುದೇ ಅವನಿಗೆ ಕಾಟ. ಬಟ್ಟೆ ಕೋಣೆ ನೆಲಮಾಳಿಗೆಯಲ್ಲಿ ಇತ್ತು. ಒಗೆದು ಬಂದ ಹಾಸಿಗೆ ಬಟ್ಟೆ, ದಿಂಬಿನ ಚೀಲ, ಆಪರೇಷನ್ನಿನ ಹಸಿರು ನಿಲುವಂಗಿ ಇವುಗಳನ್ನು ಎಣಿಸಿ ಕಪಾಟಿಗೆ ಸೇರಿಸಬೇಕು. ಒಂದೇ ಕಿಟಕಿ, ಅದರ ಎದುರಿಗೆ ಒಂದು ಗೋಡೆ. ದಿನವೆಲ್ಲ ಒಂದು ಮುಖವೂ ಕಾಣುವುದಿಲ್ಲ. ಅವನು ನಿಂತಲ್ಲೇ ಕಾಲು ಬದಲಾಯಿಸಿದ. ಆಮೇಲೆ, "ಮೇಡಂ, ಸ್ಟೋರಿನಲ್ಲಿ ಒಂದು ಕೆಂಪು ದೀಪದ ಹಲಗೆ ಬಿದ್ದಿದೆಯಲ್ಲ?" ಅಂದ.

"ಯಾರೋ ದಾನ ಕೊಟ್ಟಿದ್ದು. ಜೊತೆಗೊಂದು ಹಳೇ ಕಂಪ್ಯೂಟರ್ ಬೇರೆ. ಜೋಡಿಸೋರು ಯಾರೂ ಸಿಗಲಿಲ್ಲ."

"ಅದರಲ್ಲಿ ಹೆಸರು ಬರೋ ಹಾಗೆ ಮಾಡಿದ್ರೆ ಕೂಗೋದು ಬೇಡ. ನನಗೆ ಹದಿನೈದು ದಿನ ಕೊಡಿ."

"ನಿನಗೆ ಕಂಪ್ಯೂಟರ್ ಬರುತ್ತಾ?"

"ಅಕ್ಕಂಗೆ ಬರುತ್ತೆ."

"ಸ್ಟೂಲ್ ಮೇಲೆ ಅಕ್ಕನ್ನ ಕೂರಿಸ್ತೀಯೇನಪ್ಪ?" ಎಂದು ಮೇಡಂ ನಕ್ಕರು. ಆದರೆ ಹದಿನೈದು ದಿನ ಕೊಟ್ಟರು.

ಅಕ್ಕ ಕಾಲೇಜಿನಲ್ಲಿ ಮೂವತ್ತು ವರ್ಷ ಕಂಪ್ಯೂಟರ್ ಪಾಠ ಮಾಡಿ ನಿವೃತ್ತಿಯಾದವಳು. ಮನೆ ಎರಡು ಬೀದಿ ಆಚೆ. ಮಂಡಿ ನೋವು, ಹರಿತವಾದ ನಾಲಿಗೆ. ತಮ್ಮ ಏಳನೇ ಕ್ಲಾಸಿಗೇ ಶಾಲೆ ಬಿಟ್ಟಾಗ ಅವಳಿಗೆ ಬಂದ ಸಿಟ್ಟು ಇನ್ನೂ ಪೂರ್ತಿ ಇಳಿದಿರಲಿಲ್ಲ. ಅವನು ಬಂದು ವಿಷಯ ಹೇಳಿದಾಗ ಕನ್ನಡಕದ ಮೇಲಿಂದ ನೋಡಿ, "ನಲವತ್ತು ವರ್ಷ ತಡವಾಗಿ ಬಂದಿದ್ದೀಯ. ಕೂತ್ಕೋ" ಅಂದಳು.

ಅಂದಿನಿಂದ ಕೆಲಸ ಮುಗಿಸಿ ಸಂಜೆ ಒಂದು ಗಂಟೆ ಅಕ್ಕನ ಊಟದ ಮೇಜಿನ ಮುಂದೆ ಕೂರುವುದಾಯಿತು. ಮೇಜಿನ ಮೇಲೆ ಅವಳ ಕಂಪ್ಯೂಟರ್, ಪಕ್ಕದಲ್ಲಿ ಮಂಡಿಗೆ ಹಚ್ಚುವ ಮುಲಾಮು.

"ಸಿ ಅಂದ್ರೆ ಯಂತ್ರಕ್ಕೆ ಕೆಲಸ ಹೇಳೋ ಭಾಷೆ. ನಿನಗೆ ಸರಿಯಾಗಿ ಹೊಂದುತ್ತೆ ಬಿಡು, ಅದಕ್ಕೂ ಮಾತು ಕಮ್ಮಿ" ಎಂದು ಅವಳು ಶುರು ಮಾಡಿದಳು. "ಪಟ್ಟಿ ಎಲ್ಲಿರುತ್ತೆ?"

"ಚೀಟಿ ಕೊಡೋ ಕೌಂಟರಿನಲ್ಲಿ ಟೈಪ್ ಮಾಡಿಡ್ತಾರೆ. ಬೆಳಗ್ಗೆ ಹತ್ತಕ್ಕೆ ಕೌಂಟರ್ ಮುಚ್ಚಿದ ಮೇಲೆ ನನಗೆ ಕೊಡ್ತಾರೆ. ಮಧ್ಯಾಹ್ನಕ್ಕೆ ಇನ್ನೊಂದು ಪಟ್ಟಿ. ಒಂದು ಸಾಲಿಗೆ ಒಬ್ಬರು. ನಂಬರು, ಹೆಸರು, ಕೋಣೆ."

"ಅದೇ ನಿನ್ನ ಫೈಲು. ಮೊದಲು ಅದನ್ನ ತೆರೀಬೇಕು. ಎಫ್‌ಓಪನ್ ಅಂತ ಹೇಳಿದ್ರೆ ತೆರೆಯುತ್ತೆ. ತೆರೆದುಕೊಳ್ತೋ ಇಲ್ವೋ ನೋಡ್ಕೊಂಡು ಮುಂದೆ ಹೋಗು. ಮುಚ್ಚಿದ ಬಾಗಿಲಿಗೆ ನುಗ್ಗಿದ್ರೆ ಮೂಗು ಜಜ್ಜಿಹೋಗುತ್ತೆ."

ಮೊದಲನೇ ದಿನವೇ ಅವನು ಫೈಲಿನ ಹೆಸರು ತಪ್ಪು ಬರೆದ, ತೆರೆಯಿತೇ ಎಂದು ನೋಡಲೂ ಇಲ್ಲ. ಪ್ರೋಗ್ರಾಂ ಅಲ್ಲೇ ದೊಪ್ಪೆಂದು ಬಿತ್ತು. ಅಕ್ಕ ಅವನ ಮೂಗನ್ನು ನೋಡಿದಳು.

ಆಮೇಲೆ ಎಫ್‌ಗೆಟ್ಸ್ ಹೇಳಿಕೊಟ್ಟಳು. ಒಂದು ಸಲ ಹೇಳಿದರೆ ಫೈಲಿನಿಂದ ಒಂದು ಸಾಲು ತಂದು ಕೈಗಿಡುತ್ತದೆ. ಮತ್ತೆ ಹೇಳಿದರೆ ಮುಂದಿನ ಸಾಲು. ಪುಟ ತಿರುಗಿಸುವ ಗೊಡವೆಯಿಲ್ಲ, ಎಲ್ಲಿಗೆ ನಿಲ್ಲಿಸಿದ್ದೆ ಎಂದು ಅದೇ ಬೆರಳಿಟ್ಟುಕೊಂಡಿರುತ್ತದೆ. ಮೈಕಣ್ಣನಿಗೆ ಇದು ಬಹಳ ಹಿಡಿಸಿತು. ಅವನು ಮಾಡುತ್ತಿದ್ದ ಕೆಲಸವೂ ಅದೇ ತಾನೆ.

"ತಂದ ಸಾಲನ್ನ ಇಡೋಕೆ ಒಂದು ಪೆಟ್ಟಿಗೆ ಬೇಕು. ಎಷ್ಟು ದೊಡ್ಡದು ಅಂತ ನೀನೇ ಹೇಳ್ಬೇಕು" ಅಂದಳು ಅಕ್ಕ.

"ನಲವತ್ತು ಇರಲಿ."

"ಇಡು. ನೋಡೋಣ."

ಪರೀಕ್ಷೆಗೆಂದು ಅವನು ನೆಂಟರ ಪಟ್ಟಿಯೊಂದನ್ನು ಟೈಪ್ ಮಾಡಿದ್ದ. ಅಕ್ಕ, ಭಾವ, ಚಿಕ್ಕಪ್ಪ ಸರಿಯಾಗಿ ಬಂದರು. ಆಮೇಲೆ ಪರದೆಯ ಮೇಲೆ "ಸೋದರತ್ತೆಯ ಕಿರ" ಎಂದು ಬಂತು, ಬಾಲಕ್ಕೆ ಒಂದು ಮುರಿದ ಗುರುತು. ಮುಂದಿನ ಸಾಲು ಕೇಳಿದರೆ "ಮಗಳ ಗಂಡ" ಬೇರೆ ಸಾಲಾಗಿ ಬಂದು ನಿಂತ.

ಅಕ್ಕ ಹೊಟ್ಟೆ ಹಿಡಿದುಕೊಂಡು ನಕ್ಕಳು. "ಒಬ್ಬ ಅಳಿಯನ್ನ ಕಡಿದು ಇಬ್ಬರನ್ನ ಮಾಡಿದೆಯಲ್ಲೋ! ನಮ್ಮ ಒಂದೊಂದು ಅಕ್ಷರಕ್ಕೂ ಮೂರು ಮನೆ ಬೇಕು ಕಣೋ. ಒತ್ತು, ಕೊಂಬು, ದೀರ್ಘ ಇದ್ರೆ ಅದಕ್ಕೂ ಮೂರು ಮೂರು. ಪೆಟ್ಟಿಗೆ ತುಂಬಿದ್ರೆ ಸಾಲನ್ನ ಅಲ್ಲಿಗೇ ಕತ್ತರಿಸಿ, ಉಳಿದಿದ್ದನ್ನ ಮುಂದಿನ ಸಲಕ್ಕೆ ಇಟ್ಕೊಳ್ಳುತ್ತೆ. ಜಿಪುಣತನ ಮಾಡಬೇಡ, ಧಾರಾಳವಾಗಿ ಇಡು."

ಅವನು ಐನೂರು ಇಟ್ಟ. ಅಳಿಯ ಒಂದಾದ.

ಒಂಬತ್ತನೇ ದಿನ ಅಕ್ಕನ ಮಂಡಿ ಊದಿಕೊಂಡಿತು. ಮಗಳು ಬಂದು ತನ್ನ ಮನೆಗೆ ಕರೆದುಕೊಂಡು ಹೋದಳು. ಹೊರಡುವಾಗ ಅಕ್ಕ ಮನೆಯ ಬೀಗದ ಕೈ ಅವನಿಗೆ ಕೊಟ್ಟು, "ಒಂದೊಂದು ಸಾಲು ಓದೋದು ಬಂತು. ಇನ್ನು ಮುಗಿಯೋವರೆಗೂ ಓದ್ತಾ ಹೋಗೋದು ಒಂದೇ ಬಾಕಿ. ನಾನು ಬಂದ ಮೇಲೆ ಹೇಳ್ತೀನಿ" ಅಂದಳು.

ಅವನಿಗೆ ಕಾಯಲು ದಿನ ಇರಲಿಲ್ಲ. ಅಕ್ಕನ ಕಪಾಟಿನಲ್ಲಿ ಹಳೆಯ ವಿದ್ಯಾರ್ಥಿಯೊಬ್ಬನ ನೋಟು ಪುಸ್ತಕ ಸಿಕ್ಕಿತು. ಅದರಲ್ಲಿ ದುಂಡಗಿನ ಅಕ್ಷರದಲ್ಲಿ ಬರೆದಿತ್ತು: ಫೈಲ್ ಮುಗಿಯದಿರುವವರೆಗೆ, ಒಂದು ಸಾಲು ಓದು, ತೋರಿಸು. ಮುಗಿಯಿತೇ ಎಂದು ಕೇಳುವುದಕ್ಕೆ ಎಫ್‌ಈಓಎಫ್ ಎಂಬ ಮಾತು. ಓದಿದರೆ ಎಷ್ಟು ಸರಿಯಾಗಿದೆ! ಮುಗಿದಿಲ್ಲ ತಾನೆ, ಹಾಗಾದರೆ ಓದು. ಅವನು ಒಂದು ಅಕ್ಷರ ಬಿಡದೆ ನಕಲು ಮಾಡಿದ. ತೋರಿಸಿದ ಮೇಲೆ ಗಂಟೆ ಬಾರಿಸು, ಗುಂಡಿ ಒತ್ತುವವರೆಗೆ ಕಾಯಿ ಎಂಬ ಎರಡು ಸಾಲು ತಾನೇ ಸೇರಿಸಿದ.

ಆಸ್ಪತ್ರೆಯ ಎಲೆಕ್ಟ್ರಿಷಿಯನ್ ಹಲಗೆ, ಗಂಟೆ, ಗುಂಡಿ ಮೂರಕ್ಕೂ ತಂತಿ ಎಳೆದು ಕಂಪ್ಯೂಟರಿಗೆ ಸೇರಿಸಿಕೊಟ್ಟ. ಹದಿಮೂರನೇ ದಿನ ನಾಲ್ಕನೇ ಕೋಣೆಯ ಬಾಗಿಲ ಮೇಲೆ ಕೆಂಪು ಹಲಗೆ ಹತ್ತಿಕೊಂಡಿತು. ಟಣ್ ಎಂದು ಗಂಟೆ, ನಂಬರು, ಹೆಸರು. ಇಡೀ ಹಜಾರ ತಲೆಯೆತ್ತಿ ನೋಡಿತು. ಮೈಕಣ್ಣ ಸ್ಟೂಲಿನ ಮೇಲೆ ಗುಂಡಿ ಹಿಡಿದು ಕೂತ. ಪಾಪೆ ದೊಡ್ಡದು ಮಾಡುವ ಔಷಧಿ ಹಾಕಿಸಿಕೊಂಡು ಮಬ್ಬುಗಣ್ಣಲ್ಲಿ ಕೂತವರ ಹತ್ತಿರ ಮಾತ್ರ ಎದ್ದು ಹೋಗಿ ಭುಜ ಮುಟ್ಟಿ ಎಬ್ಬಿಸುತ್ತಿದ್ದ. ಮೇಡಂ ಬಂದು ಐದು ನಿಮಿಷ ನಿಂತು ನೋಡಿದರು. "ತಿಂಗಳ ಕೊನೆವರೆಗೆ ನೋಡ್ತೀನಿ. ಏನೂ ಎಡವಟ್ಟಾಗದಿದ್ರೆ ಬಟ್ಟೆ ಕೋಣೆ ವಿಷಯ ಬಿಡೋಣ" ಅಂದರು.

ಆ ಸಂಜೆ ಅವನು ಮನೆಯಲ್ಲಿ ಹೂಂ, ಊಹೂಂ ಬಿಟ್ಟು ನಾಲ್ಕು ಪೂರಾ ಮಾತಾಡಿದ. ಹೆಂಡತಿ ಅವನ ಹಣೆ ಮುಟ್ಟಿ ಜ್ವರ ನೋಡಿದಳು.

ಐದು ದಿನ ಎಲ್ಲ ನೆಟ್ಟಗೆ ನಡೆಯಿತು. ಪಟ್ಟಿಯ ಕೊನೆಯವರು ನೋಡಿಸಿಕೊಂಡು ಹೋದ ಮೇಲೆ ಅವನು ಗುಂಡಿ ಒತ್ತುತ್ತಿದ್ದ. ಗಂಟೆ ಬಾರಿಸುತ್ತಿತ್ತು, ಹಲಗೆಯ ಮೇಲೆ ಅದೇ ಹೆಸರು ನಿಂತಿರುತ್ತಿತ್ತು. ಇನ್ನೊಂದು ಸಲ ಒತ್ತಿದರೆ ಹಲಗೆ ಆರುತ್ತಿತ್ತು. ಅದು ಮುಗಿಯಿತು ಎಂದು ಹೇಳುವ ಗಂಟೆ ಇರಬೇಕು, ಎಷ್ಟು ಮರ್ಯಾದೆಯ ಯಂತ್ರ ಎಂದುಕೊಂಡು ಅವನು ಪಟ್ಟಿ ಮಡಚುತ್ತಿದ್ದ.

ಆರನೇ ದಿನ ಪಟ್ಟಿಯ ಕೊನೆಗೆ ಇದ್ದವನು ದರ್ಜಿಯಜ್ಜ. ಬೀದಿಯ ತಿರುವಿನಲ್ಲಿ ಅವನದು ಒಂದೇ ಮಿಷನ್ನಿನ ಅಂಗಡಿ. ಕಣ್ಣಿನ ಒತ್ತಡ ನೋಡಿಸಲು ತಿಂಗಳಿಗೊಂದು ಸಲ ಬರುತ್ತಿದ್ದ. ಡಾಕ್ಟರು ಅಳೆದು, ಚೀಟಿಯ ಮೇಲೆ ಅಂಕಿ ಬರೆದು ಕಳಿಸುತ್ತಿದ್ದರು. ಐದು ನಿಮಿಷದ ಕೆಲಸ. ಆ ದಿನವೂ ಒಳಗೆ ಹೋಗಿ ಹೊರಗೆ ಬಂದು, ಬೆಂಚಿನ ಮೇಲೆ ಕೂತು ಕನ್ನಡಕವನ್ನು ಬಟ್ಟೆಯಲ್ಲಿ ಸುತ್ತುತ್ತಿದ್ದ. ಮೈಕಣ್ಣ ಆಗ ಅಲ್ಲಿರಲಿಲ್ಲ. ಮಬ್ಬುಗಣ್ಣಿನ ಒಬ್ಬಾಕೆಯನ್ನು ಗೇಟಿನವರೆಗೆ ಬಿಟ್ಟು ಬರಲು ಹೋಗಿದ್ದ. ನಾಲ್ಕನೇ ಕೋಣೆಯ ಸಿಸ್ಟರ್ ಹೊರಗೆ ಬಂದು, ಇನ್ನಾರಾದರೂ ಇದ್ದಾರೋ ಎಂದು ತಾನೇ ಗುಂಡಿ ಒತ್ತಿದಳು. ಟಣ್. ಅಜ್ಜನ ಹೆಸರು.

ಮೈಕಣ್ಣ ತಿರುಗಿ ಬಂದಾಗ ಅಜ್ಜ ಎರಡನೇ ಸಲ ಒಳಗಿಂದ ಬರುತ್ತಿದ್ದ. ಯಾವಾಗಲೂ "ಏನಯ್ಯ ಮೈಕು, ಕಾಲರ್ ಮಡಚಿಕೊಂಡಿದೆ, ನೆಟ್ಟಗೆ ಮಾಡ್ಕೋ" ಎಂದು ಕೆಣಕುವವನು ಅವತ್ತು ಗೋಡೆ ಹಿಡಿದುಕೊಂಡು ಹಾಗೇ ಹೊರಟು ಹೋದ. ವಯಸ್ಸಾಯಿತು, ಸುಸ್ತಾಗಿರಬೇಕು ಎಂದುಕೊಂಡ ಮೈಕಣ್ಣ.

ಎರಡು ದಿನ ಬಿಟ್ಟು ಕೆಲಸದಿಂದ ಮನೆಗೆ ಹೋಗುವಾಗ ನೋಡಿದರೆ ದರ್ಜಿ ಅಂಗಡಿಯ ಬಾಗಿಲು ಅರ್ಧ ಎಳೆದಿತ್ತು. ಒಳಗೆ ಅಜ್ಜ ಗಿರಾಕಿಗಳ ಬಟ್ಟೆಗಳನ್ನು ಗಂಟು ಕಟ್ಟುತ್ತಿದ್ದ. ಹೊಲಿಯದ ಬಟ್ಟೆ. ಮಿಷನ್ನಿಗೆ ಮುಸುಕು ಹಾಕಿತ್ತು.

"ಏನಜ್ಜ, ಊರಿಗೆ ಹೊರಟ್ರಾ?"

"ಯಾವ ಊರು. ಬಟ್ಟೆ ವಾಪಸ್ ಕೊಡ್ತಿದ್ದೀನಿ. ಅರ್ಧ ಹೊಲಿದು ಕಣ್ಣು ಹೋದ್ರೆ ಜನ ಬಯ್ಯಲ್ವಾ?"

"ಕಣ್ಣು ಯಾಕೆ ಹೋಗುತ್ತೆ?"

ಅಜ್ಜ ಗಂಟನ್ನು ಬಿಗಿದ. "ನಿನಗೆ ಗೊತ್ತಿಲ್ವಾ? ಆ ಔಷಧಿ ಹಾಕಿಸ್ಕೊಂಡವರನ್ನ ಎರಡು ಸಲ ನೋಡ್ತಾರೆ, ಅದು ಸರಿ. ನನಗೆ ಔಷಧಿ ಹಾಕ್ಲಿಲ್ಲ. ಒಂದು ಸಲ ನೋಡಿ ಕಳಿಸಿ, ಮತ್ತೆ ಕರೆದ್ರು. ಆ ಡಾಕ್ಟರಮ್ಮ ಕಾಲು ಗಂಟೆ ದೀಪ ಹಿಡಿದು ನೋಡಿದ್ರು. ತುಟಿ ಪಿಟಕ್ ಅನ್ನಲಿಲ್ಲ. ಚೀಟಿಯಲ್ಲಿ ಏನೋ ಬರೆದು, ಹೋಗಿಬನ್ನಿ ತಾತ ಅಂದ್ರು. ಒಳ್ಳೇ ಸುದ್ದಿ ಆದ್ರೆ ಹೇಳ್ತಿರಲಿಲ್ವಾ? ಕಣ್ಣೇ ಅನ್ನ ನನಗೆ."

ಮೈಕಣ್ಣ ತಕ್ಷಣ ಆಸ್ಪತ್ರೆಗೆ ವಾಪಸ್ ನಡೆದ. ಆ ದಿನದ ಪಟ್ಟಿ ತೆಗೆದು ಬೆರಳಿಟ್ಟು ನೋಡಿದ. ಮೂವತ್ತೆಂಟು ಸಾಲು. ಅಜ್ಜನ ಹೆಸರು ಕೊನೆಯಲ್ಲಿ, ಒಂದೇ ಸಲ. ಕೌಂಟರಿನವರ ತಪ್ಪಲ್ಲ. ಸಿಸ್ಟರನ್ನು ಕೇಳಿದ. "ಹಲಗೆ ಕರೀತು, ನಾನು ಕಳಿಸಿದೆ. ದೊಡ್ಡ ಡಾಕ್ಟ್ರು ಇನ್ನೊಂದು ಸಲ ನೋಡೋಕೆ ಹೇಳಿರಬೇಕು ಅಂತ ನಮ್ಮ ಡಾಕ್ಟ್ರೂ ನೋಡಿದ್ರು" ಅಂದಳು.

ಅವನು ಕಂಪ್ಯೂಟರ್ ಹಚ್ಚಿ ಗುಂಡಿ ಒತ್ತುತ್ತಾ ಕೂತ. ಮೂವತ್ತೆಂಟು ಸಾಲಿಗೆ ಮೂವತ್ತೊಂಬತ್ತು ಗಂಟೆ. ಮರ್ಯಾದೆಯ ಗಂಟೆ ಎಂದುಕೊಂಡಿದ್ದು ಇದೇ. ಇಷ್ಟು ದಿನವೂ ಕೊನೆಯವರನ್ನು ಎರಡು ಸಲ ಕರೆದಿದೆ. ಖಾಲಿ ಬೆಂಚುಗಳನ್ನು ಕರೆದಿದ್ದರಿಂದ ಯಾರಿಗೂ ಗೊತ್ತಾಗಲಿಲ್ಲ.

ಅವನು ನೇರವಾಗಿ ದರ್ಜಿ ಅಂಗಡಿಗೆ ಬಂದ. "ಅಜ್ಜ, ಅದು ಡಾಕ್ಟ್ರು ಕರೆದಿದ್ದಲ್ಲ. ನನ್ನ ಹಲಗೆ ಮಾಡಿದ ತಪ್ಪು. ನಾನು ಬರೆದಿದ್ದು ತಪ್ಪಾಗಿದೆ."

ಅಜ್ಜ ಅವನ ಮುಖ ನೋಡಿ ಮೆಲ್ಲಗೆ ನಕ್ಕ. "ನೀನು ಒಳ್ಳೆಯವನು ಕಣಯ್ಯ. ಸಮಾಧಾನ ಹೇಳೋಕೆ ಬಂದಿದ್ದೀಯ. ಕಂಪ್ಯೂಟರ್ ತಪ್ಪು ಮಾಡುತ್ತಾ?"

"ಅದು ಮಾಡ್ಲಿಲ್ಲ. ನಾನು ಮಾಡಿದೆ."

"ಇರ್ಲಿ ಬಿಡು."

ಎಷ್ಟು ಹೇಳಿದರೂ ಅಜ್ಜ ನಂಬಲಿಲ್ಲ. ಡಾಕ್ಟರ ಬಾಯಿಂದ ಹೇಳಿಸುತ್ತೇನೆ ಎಂದರೆ, "ಅವರು ಇನ್ನೇನು ಹೇಳ್ತಾರೆ, ಹೆದರಬೇಡಿ ಅಂತಾರೆ" ಅಂದ. ನಂಬಬೇಕಾದರೆ ಕಣ್ಣಾರೆ ತೋರಿಸಬೇಕು. ತೋರಿಸಲು ಹಲಗೆ ಇರುವುದು ಹಜಾರದಲ್ಲಿ, ಮೇಡಂ ಕೋಣೆಯ ಎದುರಿಗೆ. ಸುಮ್ಮನೆ ರಾತ್ರಿಯೊಳಗೆ ಹೇಗೋ ಸರಿಪಡಿಸಿಬಿಟ್ಟರೆ ಮೇಡಂಗೆ ಗೊತ್ತೇ ಆಗುವುದಿಲ್ಲ. ಸ್ಟೂಲು ಉಳಿಯುತ್ತದೆ. ಆದರೆ ಸರಿಯಾದ ಹಲಗೆಯನ್ನು ತೋರಿಸಿದರೆ ಅಜ್ಜ ನಂಬುವುದು ಹೇಗೆ? ಮೈಕಣ್ಣ ಅಂಗಡಿಯ ಮೆಟ್ಟಿಲ ಮೇಲೆ ಬಹಳ ಹೊತ್ತು ಕೂತಿದ್ದ. ಕಣ್ಣ ಮುಂದೆ ನೆಲಮಾಳಿಗೆಯ ಕಿಟಕಿ ಬಂತು, ಕಿಟಕಿಯೆದುರಿನ ಗೋಡೆ ಬಂತು. ಆಮೇಲೆ ಎದ್ದು, "ನಾಳೆ ಬೆಳಗ್ಗೆ ಒಂಬತ್ತಕ್ಕೆ ಬನ್ನಿ. ಬರದಿದ್ರೆ ಹೊತ್ಕೊಂಡು ಹೋಗ್ತೀನಿ" ಅಂದ. ಅಷ್ಟು ಉದ್ದ ಬೆದರಿಕೆ ಅವನು ಯಾರಿಗೂ ಹಾಕಿರಲಿಲ್ಲ. ಅಜ್ಜ ಬಂದ.

ಬೆಳಗ್ಗೆ ಹಜಾರದಲ್ಲಿ ಆಗಲೇ ಹತ್ತು ಹದಿನೈದು ಜನ ಕೂತಿದ್ದರು. ಮೈಕಣ್ಣ ಅಜ್ಜನನ್ನು ಪಕ್ಕದಲ್ಲೇ ನಿಲ್ಲಿಸಿಕೊಂಡು ಮೂರು ಸಾಲು ಟೈಪ್ ಮಾಡಿದ: ಸೂಜಿ, ದಾರ, ಕತ್ತರಿ.

"ಎಷ್ಟು ಬರೆದೆ?"

"ಮೂರು."

ಟಣ್, ಸೂಜಿ. ಟಣ್, ದಾರ. ಟಣ್, ಕತ್ತರಿ. ಟಣ್, ಕತ್ತರಿ.

ಅಜ್ಜ ಹಲಗೆಯ ಹತ್ತಿರ ಹೋಗಿ ಕತ್ತು ಎತ್ತಿ ನೋಡಿದ. "ಎರಡು ಕತ್ತರಿ ಯಾಕೆ ಬಂತು?"

"ಅದೇ ತಪ್ಪು."

"ನನ್ನ ಹೆಸರು ಹಾಕು. ಮೊದಲಲ್ಲಿ ಹಾಕು."

ಹಾಕಿದ. ಒಂದೇ ಸಲ ಬಂತು, ಕತ್ತರಿ ಎರಡು ಸಲ ಬಂತು. "ನಡುವೆ ಹಾಕು" ಅಂದ ಅಜ್ಜ. ಒಂದೇ ಸಲ. "ಈಗ ಕೊನೆಗೆ." ಎರಡು ಸಲ. ಅಜ್ಜ ಅಷ್ಟಕ್ಕೆ ಬಿಡಲಿಲ್ಲ. ಮೈಕಣ್ಣನ ಹೆಸರು ಹಾಕಿಸಿದ, ಟೀ ಅಂಗಡಿಯವನ ಹೆಸರು ಹಾಕಿಸಿದ. ಯಾರು ಕೊನೆಗೆ ಬಂದರೂ ಎರಡು ಸಲ. ಬೆಂಚಿನ ಮೇಲಿದ್ದವರೂ ಎದ್ದು ಬಂದು ಸುತ್ತ ನಿಂತು ಎಣಿಸತೊಡಗಿದರು.

"ಹಾಗಾದ್ರೆ ಟೀ ಅಂಗಡಿಯವನ ಕಣ್ಣೂ ಹೋಯ್ತು!" ಎಂದು ಅಜ್ಜ ಗಹಗಹಿಸಿ ನಕ್ಕ. ನಗುನಗುತ್ತಲೇ ಬೆಂಚಿನ ಮೇಲೆ ಕುಸಿದು ಕೂತು ಕಣ್ಣೊರೆಸಿಕೊಂಡ. "ಮೂರು ರಾತ್ರಿ ನಿದ್ದೆ ಮಾಡಿಲ್ಲ ಕಣೋ ಪಾಪಿ. ಮಗಳಿಗೆ ಮಿಷನ್ ತಗೊಂಡು ಹೋಗು ಅಂತ ಹೇಳಿಬಿಟ್ಟಿದ್ದೆ."

"ತಪ್ಪಾಯ್ತು ಅಜ್ಜ."

"ಆಯ್ತು. ಈಗ ನಿನ್ನ ಕಾಲರ್ ನೆಟ್ಟಗೆ ಮಾಡ್ಕೋ."

ಡಾಕ್ಟರಮ್ಮನೂ ಬಂದು ಅಜ್ಜನ ಚೀಟಿ ನೋಡಿ, ಎರಡು ಸಲ ಅಳೆದಾಗಲೂ ಒಂದೇ ಅಂಕಿ, ಹೋದ ತಿಂಗಳದ್ದೇ ಅಂದರು. ಅಜ್ಜ ತಲೆಯಾಡಿಸಿದ. ಅಷ್ಟರಲ್ಲಿ ಜನರ ಹಿಂದಿನಿಂದ ಮೇಡಂ ದನಿ ಬಂತು.

"ಎಷ್ಟು ದಿನದಿಂದ ಹೀಗಿದೆ?"

ಜನ ದಾರಿ ಬಿಟ್ಟರು. ಮೈಕಣ್ಣ ಎದ್ದು ನಿಂತ. "ಮೊದಲನೇ ದಿನದಿಂದ."

"ನಿನಗೆ ಗೊತ್ತಿತ್ತಾ?"

"ನಿನ್ನೆ ಗೊತ್ತಾಯ್ತು."

ಮೇಡಂ ಹಲಗೆಯನ್ನೂ ಅಜ್ಜನನ್ನೂ ನೋಡಿದರು. "ಇದನ್ನ ಆರಿಸು. ಇವತ್ತು, ನಾಳೆ ಸಿಸ್ಟರೇ ಕರೀಲಿ. ಸೋಮವಾರ ಬೆಳಗ್ಗೆ ನಾನೇ ಬಂದು ನಿಂತು ನೋಡ್ತೀನಿ. ಆಮೇಲೆ ಹೇಳ್ತೀನಿ ನೀನು ಎಲ್ಲಿ ಕೂರಬೇಕು ಅಂತ."

ಸಂಜೆ ಅಕ್ಕ ಮಗಳ ಮನೆಯಿಂದ ತನ್ನ ಮನೆಗೆ ವಾಪಸ್ ಬಂದಿದ್ದಳು. ಮಂಡಿಗೆ ಪಟ್ಟಿ ಸುತ್ತಿಕೊಂಡು ಅವನು ಬರೆದದ್ದನ್ನು ಓದಿದಳು. ಒಂದು ಕಡೆ ಬೆರಳು ನಿಂತಿತು. "ಇದನ್ನ ಎಲ್ಲಿಂದ ಕದ್ದೆ? ಯಾವ ದಡ್ಡ ಬರೆದ?"

ಅವನು ಕಪಾಟಿನಿಂದ ನೋಟು ಪುಸ್ತಕ ತಂದು ಆ ಪುಟ ತೆರೆದಿಟ್ಟ. ದುಂಡಗಿನ ಅಕ್ಷರದ ಪಕ್ಕದಲ್ಲಿ ಕೆಂಪು ಶಾಯಿಯಲ್ಲಿ ಸರಿ ಗುರುತು. ಕೆಳಗೆ ಅಕ್ಕನ ಸಹಿ.

ಅಕ್ಕ ಕನ್ನಡಕ ತೆಗೆದು ಒರೆಸಿದಳು, ಮತ್ತೆ ಹಾಕಿಕೊಂಡಳು. "ಒಂದೇ ದಿನ ಅರವತ್ತು ಪುಸ್ತಕ ತಿದ್ದುತ್ತಿದ್ದೆ" ಅಂದಳು ಸಣ್ಣ ದನಿಯಲ್ಲಿ. ತಮ್ಮನಿಗೆ ನಗು ಬರುತ್ತಿತ್ತು, ಆದರೆ ನಗುವ ಧೈರ್ಯ ಬರಲಿಲ್ಲ.

ತಪ್ಪು ಏನು ಎಂದು ಅವಳು ನೇರವಾಗಿ ಹೇಳಲಿಲ್ಲ. ಎದ್ದು ಹೋಗಿ ಉದ್ದನೆಯ ಬಿಸ್ಕತ್ತಿನ ಡಬ್ಬಿ ತಂದಳು. "ಇದೇ ಫೈಲು. ನೀನೇ ಕಂಪ್ಯೂಟರ್. ಕಣ್ಣು ಮುಚ್ಕೋ. ಎಡಗೈಯನ್ನ ನಿನ್ನ ಪೆಟ್ಟಿಗೆ ಅಂದ್ಕೋ. ನೀನು ಬರೆದ ಹಾಗೇ ಮಾಡು. ಮೊದಲು ಮುಗೀತಾ ಅಂತ ಕೇಳು, ಆಮೇಲೆ ಕೈ ಹಾಕು, ಸಿಕ್ಕಿದ್ದನ್ನ ಎಡಗೈಲಿ ಇಟ್ಟು ತೋರಿಸು. ಹೊಸದು ಬಂದ್ರೆ ಮಾತ್ರ ಹಳೇದನ್ನ ತೆಗೆದಿಡು."

ಐವತ್ತು ದಾಟಿದ ಗಂಡಸು ಕಣ್ಣು ಮುಚ್ಚಿ ಬಿಸ್ಕತ್ತಿನ ಡಬ್ಬಿಗೆ ಕೈ ಹಾಕಿದ. ಮುಗಿಯಿತೇ? ಗೊತ್ತಿಲ್ಲ. ಕೈ ಹಾಕಿದ, ಒಂದು ಸಿಕ್ಕಿತು, ತೋರಿಸಿದ. ಮುಗಿಯಿತೇ? ಗೊತ್ತಿಲ್ಲ. ಎರಡನೆಯದು. ಮುಗಿಯಿತೇ? ಗೊತ್ತಿಲ್ಲ. ಮೂರನೆಯದು.

"ಮುಗೀತಾ?" ಅಂದಳು ಅಕ್ಕ.

"ಗೊತ್ತಿಲ್ಲ."

"ಗೊತ್ತಿಲ್ಲ ಅಂದ್ರೆ ಮುಗಿದಿಲ್ಲ ಅಂತಲೇ ಲೆಕ್ಕ. ಮುಂದೆ?"

ಅವನು ಕೈ ಹಾಕಿದ. ಬೆರಳಿಗೆ ಡಬ್ಬಿಯ ತಳ ಸಿಕ್ಕಿತು. ಬಲಗೈ ಖಾಲಿ. ಆದರೆ ಎಡಗೈಯಲ್ಲಿ ಮೂರನೇ ಬಿಸ್ಕತ್ತು ಹಾಗೇ ಇತ್ತು. ತೋರಿಸು ಎಂದು ಬರೆದದ್ದರಿಂದ ಅದನ್ನೇ ಎತ್ತಿ ತೋರಿಸಿದ. ಎತ್ತಿದ ಕೈ ಅರ್ಧಕ್ಕೇ ನಿಂತಿತು. ಕಣ್ಣು ಬಿಟ್ಟ.

"ಅಕ್ಕ, ಮುಗೀತು ಅಂತ ಗೊತ್ತಾಗೋದು ಬರಿಗೈ ಬಂದಾಗ. ಅದಕ್ಕೆ ಮುಂಚೆ ಕೇಳಿದ್ರೆ ಡಬ್ಬಿಗೂ ಗೊತ್ತಿರಲ್ಲ."

"ಹೂಂ."

"ನಾನು ಬರಿಗೈ ಬಂದಿದ್ದನ್ನ ನೋಡದೇ ತೋರಿಸಿದೆ."

"ಹಾಗಾದ್ರೆ ಏನು ಮಾಡ್ಬೇಕು?"

"ಮುಗೀತಾ ಅಂತ ಕೇಳೋದೇ ಬೇಡ. ಕೈ ಹಾಕಿ ನೋಡೋದು. ಏನಾದ್ರೂ ಸಿಕ್ಕಿದ್ರೆ ಮಾತ್ರ ತೋರಿಸೋದು. ಸಿಗದಿದ್ರೆ ಅಲ್ಲಿಗೆ ನಿಲ್ಲಿಸೋದು."

"ಎಫ್‌ಗೆಟ್ಸ್ ಬರಿಗೈ ಬಂದ್ರೆ ನಲ್ ಅಂತ ಹೇಳುತ್ತೆ. ನಲ್ ಅಲ್ಲದೇ ಇರೋವರೆಗೆ ತೋರಿಸ್ತಾ ಹೋಗು" ಎಂದಳು ಅಕ್ಕ. ಅವನ ಕೈಯಲ್ಲಿದ್ದ ಬಿಸ್ಕತ್ತನ್ನು ಕಸಿದುಕೊಂಡು ಅರ್ಧ ಮುರಿದು ಅವನಿಗೇ ಕೊಟ್ಟಳು.

ಎರಡು ಸಾಲು ಅಳಿಸಿದ್ದು, ಒಂದು ಸಾಲು ಬರೆದದ್ದು. ಅಷ್ಟೇ ಕೆಲಸ. ನೆಂಟರ ಪಟ್ಟಿ ಹಾಕಿ ನೋಡಿದ. ಅಳಿಯ ಕೊನೆಯಲ್ಲಿ ಒಂದೇ ಸಲ ಬಂದು, ಮರ್ಯಾದೆಯಾಗಿ ಹೋದ. ಅಷ್ಟಕ್ಕೆ ಎದ್ದು ಹೋಗುತ್ತಾನೆ ಎಂದುಕೊಂಡರೆ ಮೈಕಣ್ಣ ಕೂತೇ ಇದ್ದ. "ಒಬ್ಬರೂ ಬರದ ದಿನ ಪಟ್ಟಿ ಖಾಲಿ ಇರುತ್ತಲ್ಲ, ಆವಾಗ?" ಎಂದು ಖಾಲಿ ಫೈಲ್ ಒಂದನ್ನು ಮಾಡಿ ಹಾಕಿದ. ಗಂಟೆ ಬಾರಿಸಲಿಲ್ಲ, ಯಾರೂ ಬರಲಿಲ್ಲ. ಒಂದೇ ಸಾಲಿನ ಪಟ್ಟಿ ಹಾಕಿದ. ಕೊನೆಯ ಸಾಲಿನ ನಂತರ ಎಂಟರ್ ಒತ್ತದೆ ಬಿಟ್ಟ ಪಟ್ಟಿ ಹಾಕಿದ. ಎಲ್ಲವೂ ಸರಿ. ಅಕ್ಕ ಬಾಗಿಲಿಗೆ ಒರಗಿ ನೋಡುತ್ತಿದ್ದಳು.

"ಏಳನೇ ಕ್ಲಾಸಿಗೇ ಬಿಟ್ಟೆಯಲ್ಲೋ" ಅಂದಳು. ಈ ಸಲ ಸಿಟ್ಟಿನಲ್ಲಿ ಅಲ್ಲ.

ಸೋಮವಾರ ನಲವತ್ತಮೂರು ಜನ. ಮೇಡಂ ಹತ್ತು ಗಂಟೆಗೇ ಬಂದು ಗೋಡೆಗೆ ಒರಗಿ ನಿಂತರು. ನಡುವೆ ಎರಡು ಸಲ ಫೋನ್ ಬಂದರೂ ಹೋಗಲಿಲ್ಲ. ಮೈಕಣ್ಣ ಅವರ ಕಡೆ ನೋಡಲಿಲ್ಲ. ಟಣ್, ಹೆಸರು, ಒಬ್ಬರು ಏಳುತ್ತಾರೆ. ಟಣ್, ಹೆಸರು, ಇನ್ನೊಬ್ಬರು. ಮಧ್ಯಾಹ್ನದ ಹೊತ್ತಿಗೆ ಕೊನೆಯ ಸಾಲು ಬಂತು, ಒಬ್ಬಳು ಗರ್ಭಿಣಿ ಹೆಂಗಸು. ಅವಳು ಒಳಗೆ ಹೋದಳು, ಹೊರಗೆ ಬಂದಳು, ಬಾಟಲಿಯಿಂದ ನೀರು ಕುಡಿಯುತ್ತ ಅಲ್ಲೇ ಕೂತಳು. ಅವನ ಹೆಬ್ಬೆರಳು ಗುಂಡಿಯ ಮೇಲೆ ಒಂದು ಕ್ಷಣ ತಡೆಯಿತು. ಒತ್ತಿದ.

ಗಂಟೆ ಬಾರಿಸಲಿಲ್ಲ. ಹಲಗೆ ಕಪ್ಪಾಯಿತು.

ಮೇಡಂ ಹತ್ತಿರ ಬಂದರು. ತಾವೇ ಗುಂಡಿಯನ್ನು ತೆಗೆದುಕೊಂಡು ಎರಡು ಸಲ ಒತ್ತಿದರು. ಏನೂ ಆಗಲಿಲ್ಲ.

"ಶುಕ್ರವಾರ ನನಗೆ ಹೇಳದೇ ಸರಿ ಮಾಡ್ಕೋಬಹುದಿತ್ತು. ಯಾಕೆ ಮಾಡ್ಕೊಳ್ಲಿಲ್ಲ?"

"ಅಜ್ಜ ನಂಬ್ತಿರಲಿಲ್ಲ ಮೇಡಂ."

"ಅಷ್ಟೇನಾ?"

ಅವನು ಯೋಚಿಸಿದ. "ಅಷ್ಟೇ."

ಮೇಡಂ ಗುಂಡಿಯನ್ನು ಅವನ ಕೈಗೆ ಕೊಟ್ಟರು. "ಬಟ್ಟೆ ಕೋಣೆಯಲ್ಲಿ ತಪ್ಪಾದ್ರೆ ಒಂದು ದಿಂಬಿನ ಚೀಲ ಕಮ್ಮಿ ಬರುತ್ತೆ. ಇಲ್ಲಿ ತಪ್ಪಾದ್ರೆ ಒಬ್ಬ ಮುದುಕ ಅಂಗಡಿ ಮುಚ್ತಾನೆ. ತಪ್ಪಾದಾಗ ಬಾಯಿಬಿಟ್ಟು ಹೇಳೋನು ಇಲ್ಲಿರಲಿ. ಕೆಳಗೆ ಬೇರೆ ಯಾರನ್ನಾದ್ರೂ ಹಾಕ್ತೀನಿ."

ಅವನು ಹೂಂ ಅಂದ. ಮೇಡಂ ಹೊರಟು ನಾಲ್ಕು ಹೆಜ್ಜೆ ಹೋದ ಮೇಲೆ ಅವನಿಗೆ ಬಾಯಿ ಬಂತು.

"ಮೇಡಂ, ಈ ಸ್ಟೂಲಿಗೆ ಒಂದು ಬೆನ್ನು ಇದ್ದಿದ್ರೆ ಚೆನ್ನಾಗಿತ್ತು. ಇನ್ನೂ ಏಳೆಂಟು ವರ್ಷ ಕೂರಬೇಕಲ್ಲ."

"ಆಸೆ ನೋಡು ಇವನದು!" ಅಂದರು ಮೇಡಂ ತಿರುಗದೆಯೇ. ಆದರೆ ಊಟದ ಹೊತ್ತು ಮುಗಿದು ಅವನು ವಾಪಸ್ ಬಂದಾಗ ನಾಲ್ಕನೇ ಕೋಣೆಯ ಬಾಗಿಲ ಪಕ್ಕ ಕಚೇರಿಯ ಹಳೆಯ ಕುರ್ಚಿಯೊಂದು ಇತ್ತು. ಒಂದು ಕೈ ಸ್ವಲ್ಪ ಅಲ್ಲಾಡುತ್ತಿತ್ತು. ಮೈಕಣ್ಣ ಕೂತು, ಒರಗಿ, ಮಧ್ಯಾಹ್ನದ ಪಟ್ಟಿ ತೆರೆದ. ಇಪ್ಪತ್ತೊಂದು ಸಾಲು. ಮೊದಲನೆಯದಕ್ಕೆ ಗುಂಡಿ ಒತ್ತಿದ.